ಮೇಷ್ಟ್ರಿಗೆ ಗೋಲು ಬಿಟ್ಟುಕೊಡಬೇಡಿ

ಕಾಲೇಜು ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೌಹಾರ್ದ ಪಂದ್ಯ ಇದ್ದೇ ಇರುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಮ್ಮ ಕಡೆ ಯಾವ ಊರಿಗೆ ಹೋದರೂ ಆ ದಿನ ಕ್ರಿಕೆಟ್ಟೇ ಹೆಚ್ಚು, ಇಲ್ಲದಿದ್ದರೆ ವಾಲಿಬಾಲ್. ನನ್ನನ್ನು ಕೇಳಿದರೆ ಫುಟ್‌ಬಾಲ್ ಆಡಬೇಕು. ಕ್ರಿಕೆಟ್‌ನಲ್ಲಿ ನಡುವೆ 22 ಗಜದ ಪಿಚ್ ಇರುತ್ತದೆ, ವಾಲಿಬಾಲ್‌ನಲ್ಲಿ ನೆಟ್ ಇರುತ್ತದೆ. ಫುಟ್‌ಬಾಲ್‌ನಲ್ಲಿ ಮೇಷ್ಟ್ರ ಕಾಲಲ್ಲಿರುವ ಚೆಂಡು ಬೇಕೆಂದರೆ ಅವರ ಹತ್ತಿರಕ್ಕೇ ಹೋಗಬೇಕು, ಭುಜಕ್ಕೆ ಭುಜ ತಾಗಿಸಿ ಕಸಿದುಕೊಳ್ಳಬೇಕು. ನಮಗೆ ಅಭ್ಯಾಸವಿಲ್ಲದ್ದು ಅದೇ.

ನಾನು ಅಂತಿಮ ವರ್ಷದ ಬಿ.ಎಸ್ಸಿ.ಯಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಅಂಥದೊಂದು ಪಂದ್ಯ ನಡೆಯಿತು. ಗೋಲ್‌ಪೋಸ್ಟ್ ಇರಲಿಲ್ಲ, ನಾಲ್ಕು ನೀಲಗಿರಿ ಕಂಬ ನೆಟ್ಟು ಸುಣ್ಣದಲ್ಲಿ ಗೆರೆ ಎಳೆದೆವು. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅವಧಿ. ಹಿಂದಿನ ರಾತ್ರಿಯೇ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜ್ ಬಂದಿತ್ತು: ‘ಸರ್‌ಗಳೇ ಗೆಲ್ಲಲಿ, ಇಂಟರ್ನಲ್ಸ್ ಇನ್ನೂ ಹಾಕಿಲ್ಲ.’ ನಗುವ ಇಮೋಜಿ ಇತ್ತು, ಆದರೆ ಅದು ತಮಾಷೆಯಾಗಿರಲಿಲ್ಲ. ನಾನು ಸಬ್‌ಸ್ಟಿಟ್ಯೂಟ್, ಗೆರೆಯಾಚೆ ನಿಂತು ನೋಡುತ್ತಿದ್ದೆ. ವಿಭಾಗದ ಮುಖ್ಯಸ್ಥರು ಚೆಂಡು ತೆಗೆದುಕೊಂಡು ಹೊರಟರೆ ನಮ್ಮ ಡಿಫೆಂಡರ್‌ಗಳು ತೇರಿಗೆ ದಾರಿ ಬಿಟ್ಟ ಹಾಗೆ ಎರಡೂ ಬದಿಗೆ ಸರಿದರು. ಗೋಲಿ ಚೆಂಡು ಬಂದ ದಿಕ್ಕು ಬಿಟ್ಟು ಇನ್ನೊಂದು ದಿಕ್ಕಿಗೆ ಹಾರಿದ. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಕಡೆ ಆಟಕ್ಕೆ ಇಳಿದರೆ ಬಾಯಿಗೆ ತೆಲುಗು ಬರುತ್ತದೆ. ‘ಕೊಟ್ರಾ’ ಎಂದು ಕೂಗಿದರೆ ‘ಹೊಡೆಯೋ’ ಎಂದರ್ಥ. ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಅದನ್ನು ಕನ್ನಡದಲ್ಲಿ ‘ಕೊಟ್ಟಿರಾ’ ಎಂದು ಕೇಳಿಸಿಕೊಂಡು ‘ಹೌದು, ಕೊಟ್ಟೇಬಿಟ್ಟರಲ್ಲ’ ಎಂದು ನಕ್ಕರು.

ದ್ವಿತೀಯಾರ್ಧದಲ್ಲಿ ಪಂದ್ಯ ಬದಲಾಯಿತು. ಬದಲಾಯಿಸಿದವರು ನಮ್ಮ ಅತಿಥಿ ಉಪನ್ಯಾಸಕರೊಬ್ಬರು. ವಯಸ್ಸು ಮೂವತ್ತರ ಆಸುಪಾಸು. ದಾರಿ ಬಿಟ್ಟು ನಿಂತಿದ್ದ ಹುಡುಗನ ಕಾಲಿಗೇ ಚೆಂಡು ತಳ್ಳಿ, ‘ಆಡ್ರೋ ಸರಿಯಾಗಿ, ನಮಗೇನು ಅಯ್ಯೋ ಪಾಪ ಅಂತೀರಾ?’ ಎಂದರು. ಆಮೇಲೆ ಆದದ್ದು ಆಟ. ಚಿಂತಾಮಣಿ ಕಡೆಯ ಹುಡುಗನೊಬ್ಬ ವಿಭಾಗ ಮುಖ್ಯಸ್ಥರಿಂದಲೇ ಚೆಂಡು ಕಸಿದ. ಅವರು ಜಾರಿ ಬಿದ್ದರು. ಮೈದಾನ ಒಂದು ಕ್ಷಣ ಗಪ್‌ಚುಪ್. ಅವರು ಎದ್ದು, ಪ್ಯಾಂಟಿನ ಮಣ್ಣು ಕೊಡವಿಕೊಂಡು, ಅವನ ಹಿಂದೆಯೇ ಓಡಿದರು. ಕೊನೆಗೆ 3–2ರಲ್ಲಿ ಅಧ್ಯಾಪಕರೇ ಗೆದ್ದರು. ಆದರೆ ಆ ಮೂರನೇ ಗೋಲನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ಮಾರನೆಯ ದಿನ ಕ್ಲಾಸಿನಲ್ಲಿ ಪವಾಡವೇನೂ ನಡೆಯಲಿಲ್ಲ. ಹಾಜರಿ ಕೂಗುವಾಗ ಮಾತ್ರ ಮುಖ್ಯಸ್ಥರು ಆ ಹುಡುಗನ ಹೆಸರಿನ ಹತ್ತಿರ ನಿಂತು, ‘ಮೊಣಕಾಲು ಇನ್ನೂ ನೋಯ್ತಿದೆ ಕಣಯ್ಯ’ ಎಂದರು. ಮೂರು ವರ್ಷದಲ್ಲಿ ಅವರು ನಮ್ಮಲ್ಲೊಬ್ಬನ ಜೊತೆ ಪಠ್ಯದಾಚೆ ಆಡಿದ ಮೊದಲ ಮಾತು ಅದು.

ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುತ್ತಿಲ್ಲ. ನಾವು ಎನ್‌ಇಪಿ ಬ್ಯಾಚಿನವರು, ನೂರರಲ್ಲಿ 40 ಅಂಕ ಆಂತರಿಕ ಮೌಲ್ಯಮಾಪನದ್ದಾಗಿತ್ತು. ಈಗ ಎಸ್‌ಇಪಿಯಲ್ಲಿ ಅದು 20ಕ್ಕೆ ಇಳಿದಿದೆ. ಅಂಕ ಇಳಿದಷ್ಟು ಸುಲಭಕ್ಕೆ ಅಳುಕು ಇಳಿಯುವುದಿಲ್ಲ. ಅರ್ಥವಾಗದಿದ್ದರೂ ‘ಅರ್ಥವಾಯ್ತು ಸರ್’ ಎನ್ನುವುದು, ಬೋರ್ಡಿನ ಮೇಲಿನ ಲೆಕ್ಕ ತಪ್ಪಿದೆ ಎಂದು ಗೊತ್ತಿದ್ದರೂ ಹಾಗೆಯೇ ಬರೆದುಕೊಳ್ಳುವುದು, ಇವೂ ಬಿಟ್ಟುಕೊಟ್ಟ ಗೋಲುಗಳೇ. ಮುಂದೆ ಕೆಲಸದ ಸಂದರ್ಶನಕ್ಕೆ ಹೋದಾಗ ಮೇಜಿನಾಚೆ ಕುಳಿತವರು ಬೇಕೆಂದೇ ತಪ್ಪು ಹೇಳಿ ನಮ್ಮನ್ನು ಪರೀಕ್ಷಿಸುತ್ತಾರೆ. ನಾವು ತಲೆಯಾಡಿಸಿ ಬರುತ್ತೇವೆ. ನನ್ನ ಜೊತೆ ಓದುತ್ತಿರುವ ನಾಲ್ವರಿಗೆ ಹೀಗೇ ಆಗಿದೆ. ವಿಪರ್ಯಾಸವೆಂದರೆ ಇದು ಎಚ್. ನರಸಿಂಹಯ್ಯನವರ ಜಿಲ್ಲೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಷ್ಟ್ರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎನ್ನುವುದನ್ನು ಬದುಕಿಡೀ ಹೇಳಿದವರು, 1976ರಲ್ಲಿ ಪವಾಡಗಳ ತನಿಖೆಗೇ ಸಮಿತಿ ಮಾಡಿದವರು.

ನಮ್ಮ ದೇಶದ ಫುಟ್‌ಬಾಲ್ ಚರಿತ್ರೆಯಲ್ಲಿ ಎರಡು ಬಗೆಯ ಮೇಷ್ಟ್ರು ಸಿಗುತ್ತಾರೆ. 1870ರ ದಶಕದಲ್ಲಿ ಕಲ್ಕತ್ತೆಯ ಹೇರ್ ಶಾಲೆಯ ಹುಡುಗ ನಾಗೇಂದ್ರ ಪ್ರಸಾದ್ ಸರ್ವಾಧಿಕಾರಿ ಗೆಳೆಯರಿಂದ ಕಾಸು ಕೂಡಿಸಿ ಚೆಂಡು ತಂದ. ಅದು ರಗ್ಬಿ ಚೆಂಡು ಎಂದು ಅವರಿಗೆ ಗೊತ್ತಿರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಸ್ಟ್ಯಾಕ್ ಇದನ್ನು ನೋಡಿ ಅವರಿಗೆ ಫುಟ್‌ಬಾಲ್ ಕೊಟ್ಟು ಆಟ ಹೇಳಿಕೊಟ್ಟರು. ಆ ಹುಡುಗನನ್ನು ಇವತ್ತು ಭಾರತೀಯ ಫುಟ್‌ಬಾಲಿನ ಪಿತಾಮಹ ಎನ್ನುತ್ತಾರೆ. ಇನ್ನೊಂದು 1891ರ ಶ್ರೀನಗರದ ಕತೆ. ಮಿಷನ್ ಶಾಲೆಗೆ ಟಿಂಡೇಲ್ ಬಿಸ್ಕೋ ಚರ್ಮದ ಚೆಂಡು ತಂದಾಗ ಹುಡುಗರು ಅದು ಮೈಲಿಗೆ ಎಂದು ಮುಟ್ಟಲೊಲ್ಲದಾದರು. ಅವರು ಕೋಲು ಹಿಡಿದ ಮೇಷ್ಟ್ರುಗಳನ್ನು ನಿಲ್ಲಿಸಿ ಆಡಿಸಿದರು. ಮಡಿ ಮೈಲಿಗೆ ಮುರಿಯಿತು, ಒಳ್ಳೆಯದೇ. ಆದರೂ ಕೋಲು ಹಿಡಿದು ಗೆರೆಯಾಚೆ ನಿಲ್ಲುವವರಿಗಿಂತ ಚೆಂಡು ಹಿಡಿದು ಗೆರೆಯೊಳಗೆ ಬರುವವರೇ ನನಗೆ ಇಷ್ಟ.

ಆ ಅತಿಥಿ ಉಪನ್ಯಾಸಕರ ಮಾತಿಗೆ ಬರುತ್ತೇನೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಂಥವರು ಸಾವಿರಾರು ಮಂದಿ ಇದ್ದಾರೆ. 2023ರ ಕೊನೆಯಲ್ಲಿ ಕೆಲಸ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕುಳಿತರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎನ್ನುವ ಆತಂಕ ಅವರಿಗೂ ಇದೆ, ನಮಗೂ ಇದೆ. ಅವರಿಗೆ ಗೋಲು ದಾನ ಮಾಡುವುದು ಮರ್ಯಾದೆಯೂ ಅಲ್ಲ, ಸಹಾಯವೂ ಅಲ್ಲ.

ಹಾಗೆಂದು ಬಿ.ಪಿ. ಮಾತ್ರೆ ನುಂಗುವ ಮೇಷ್ಟ್ರ ಕಾಲಿಗೆ ಜಾರಿ ಅಡ್ಡ ಬೀಳಬೇಕಿಲ್ಲ. ಸ್ಲೈಡಿಂಗ್ ಟ್ಯಾಕಲ್ ಬೇಡ ಎಂದು ಮೊದಲೇ ಮಾತಾಡಿಕೊಳ್ಳಿ. ಸುಸ್ತಾದವರು ಹೊರಗೆ ಬಂದು ಮತ್ತೆ ಒಳಗೆ ಹೋಗಲಿ. ಪಂದ್ಯದ ದಿನಾಂಕ ಆಂತರಿಕ ಅಂಕಗಳು ನೋಟಿಸ್ ಬೋರ್ಡಿಗೆ ಬಂದ ಮೇಲೆ ಇರಲಿ. ಇದಕ್ಕೆ ಪ್ರಾಂಶುಪಾಲರ ಒಂದು ಸಹಿ ಸಾಕು. ರೆಫರಿ ಪಕ್ಕದ ಕಾಲೇಜಿನವರಾಗಲಿ, ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಎಷ್ಟೇ ನ್ಯಾಯವಂತರಾದರೂ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವವರು ತಾನೆ. ತಂಡಗಳನ್ನು ಬೆರೆಸಿ ಆಡಿಸಿದರೆ ಮುಜುಗರವಿರುವುದಿಲ್ಲ ಎನ್ನುವವರಿದ್ದಾರೆ. ಆ ಮುಜುಗರ ದಾಟುವುದಕ್ಕೇ ಅಲ್ಲವೇ ಈ ಪಂದ್ಯ?

ಹುಡುಗಿಯರನ್ನೂ ಮೇಡಂಗಳನ್ನೂ ಆಡಲು ಕರೆಯಿರಿ. ಶಿಡ್ಲಘಟ್ಟದ ನನ್ನ ಗೆಳತಿಯೊಬ್ಬಳು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದಾಳೆ. ದೈಹಿಕ ಪರೀಕ್ಷೆಯಲ್ಲಿ 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು, ಅವಳು ಅದಕ್ಕಿಂತ ಬಹಳ ಮೊದಲೇ ಮುಗಿಸುತ್ತಾಳೆ. ನಮ್ಮ ಪಂದ್ಯದ ದಿನ ಅವಳಿಗೆ ಕೊಟ್ಟಿದ್ದು ಮಜ್ಜಿಗೆ ಹಂಚುವ ಕೆಲಸ. ಮೊದಲ ಗೋಲು ನೋಡಿ, ಕೈಯಲ್ಲಿ ಲೋಟದ ತಟ್ಟೆ ಹಿಡಿದೇ, ‘ನನ್ನನ್ನಾದರೂ ಬ್ಯಾಕ್‌ನಲ್ಲಿ ನಿಲ್ಲಿಸ್ರೋ’ ಎಂದು ಬೈದಳು.