ಉರಿಯಿಂದ ಹುಟ್ಟುವ ತಂಪು

ಉರಿಯುವ ಒಲೆಯ ಮೇಲೆ ನೀರಿಟ್ಟರೆ ಅದು ಕಾಯುತ್ತದೆ. ಇದು ಅಡಿಗೆಮನೆಯ ನಿತ್ಯಾನುಭವ. ಅದೇ ಉರಿಯನ್ನು ಒಂದು ಪೆಟ್ಟಿಗೆಯ ಬೆನ್ನಿಗೆ ಹಚ್ಚಿ, ಒಳಗಿನ ಹಾಲನ್ನು ಕೆಡದಂತೆ ತಣ್ಣಗಿಡಬಹುದು ಎಂದರೆ ಕೇಳಿದವರು ಹುಬ್ಬೇರಿಸಿಯಾರು. ಆದರೆ ಇದು ಗಾರುಡಿಯಲ್ಲ, ನೂರು ವರ್ಷಗಳ ಹಿಂದೆಯೇ ಸಿದ್ಧಿಸಿದ ವಿದ್ಯೆ. ಮನೆಯಲ್ಲಿ ವಿದ್ಯುತ್ತಿನಿಂದಲೂ ವಿದ್ಯುತ್ತಿಲ್ಲದ ಎಡೆಯಲ್ಲಿ ಅನಿಲದ ಜ್ವಾಲೆಯಿಂದಲೂ ನಡೆಯುವ, ಕಾರಿನಲ್ಲಿಟ್ಟು ಒಯ್ಯಬಹುದಾದ ಪುಟ್ಟ ರೆಫ್ರಿಜರೇಟರುಗಳು ಇಂದು ಸಿಕ್ಕುತ್ತವೆ. ಅವನ್ನು ನಂಬಿ ಪ್ರವಾಸ ಹೊರಡುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಪೆಟ್ಟಿಗೆ ತಂಪು ಮಾಡುವುದೇನೋ ನಿಜ, ಆದರೆ ಎಷ್ಟು ತಂಪು?

ಇಬ್ಬರು ವಿದ್ಯಾರ್ಥಿಗಳ ಸಾಧನೆ

ಅಮೋನಿಯಾ ಮತ್ತು ನೀರಿನ ಸಹಾಯದಿಂದ, ಶಾಖವನ್ನೇ ಬಳಸಿ ಮಂಜುಗಡ್ಡೆ ತಯಾರಿಸುವ ಯಂತ್ರವನ್ನು ಫ್ರಾನ್ಸಿನ ಫರ್ಡಿನಂಡ್ ಕಾರೆ 1859ರಲ್ಲಿ ರಚಿಸಿದನು. ಅದು ಮನೆಯ ಮೂಲೆಯಲ್ಲಿ ಇಡುವಂಥದಾಗಿರಲಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ತರುಣರು 1922ರಲ್ಲಿ ಅದನ್ನು ಗೃಹೋಪಯೋಗಿಯಾಗಿ ಮಾರ್ಪಡಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಸಂಸ್ಥೆ ಈ ಉದ್ಯಮವನ್ನು ಕೊಂಡುಕೊಂಡಿತು. ಅಲ್ಲಿಂದ ಮುಂದೆ ಈ ಪೆಟ್ಟಿಗೆ ದೇಶದೇಶಗಳಿಗೆ ಹರಡಿತು.

ಇದರ ಒಳಗುಟ್ಟು ಸರಳ. ಮಣ್ಣಿನ ಹೂಜಿಯ ನೀರು ಹೊರಮೈಯಲ್ಲಿ ಆವಿಯಾಗುವಾಗ ಒಳಗಿನ ನೀರಿನಿಂದಲೇ ಶಾಖವನ್ನು ಹೀರುತ್ತದೆ. ಆದ್ದರಿಂದ ಹೂಜಿಯ ನೀರು ತಂಪು. ಪೆಟ್ಟಿಗೆಯಲ್ಲಿ ನೀರಿನ ಕೆಲಸವನ್ನು ಅಮೋನಿಯಾ ವಹಿಸಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಅಮೋನಿಯಾವನ್ನು ಹಿಂಬದಿಯ ಸಣ್ಣ ಜ್ವಾಲೆ, ಇಲ್ಲವೆ ವಿದ್ಯುತ್ತಿನ ಕಾಯಿಲು, ಕಾಯಿಸಿ ಆವಿಯಾಗಿ ಹೊರಡಿಸುತ್ತದೆ. ಆ ಆವಿ ಬೆನ್ನಿನ ಲೋಹದ ರೆಕ್ಕೆಗಳಲ್ಲಿ ಹಾದು, ತನ್ನ ಕಾವನ್ನು ಕೋಣೆಯ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ದ್ರವವು ಒಳಗಿನ ಕೊಳವೆಗೆ ಇಳಿದಾಗ ಅಲ್ಲಿ ಜಲಜನಕ ಕಾದಿರುತ್ತದೆ. ಕೊಳವೆಯ ಒತ್ತಡದ ಬಹುಪಾಲನ್ನು ಜಲಜನಕವೇ ಹೊತ್ತಿರುವುದರಿಂದ ಅಮೋನಿಯಾದ ಪಾಲಿನ ಒತ್ತಡ ಅಲ್ಪ. ಹೀಗಾಗಿ ಅದು ಕಡಿಮೆ ಉಷ್ಣಾಂಶದಲ್ಲಿಯೇ ಆವಿಯಾಗಿ, ಬೇಕಾದ ಶಾಖವನ್ನು ಪೆಟ್ಟಿಗೆಯೊಳಗಿನ ಹಾಲು ಹಣ್ಣುಗಳಿಂದ ಎಳೆದುಕೊಳ್ಳುತ್ತದೆ. ಬಳಿಕ ನೀರು ಅಮೋನಿಯಾವನ್ನು ಮತ್ತೆ ಹೀರುತ್ತದೆ, ಜಲಜನಕ ತನ್ನ ಜಾಗಕ್ಕೆ ಹಿಂದಿರುಗುತ್ತದೆ, ಚಕ್ರ ಪುನಃ ಆರಂಭವಾಗುತ್ತದೆ. ಕಾದ ದ್ರವವನ್ನು ಮೇಲಕ್ಕೆತ್ತಲು ಅದರ ಗುಳ್ಳೆಗಳೇ ಸಾಕು. ಮೋಟಾರಿಲ್ಲ, ಸವೆಯುವ ಭಾಗವಿಲ್ಲ, ಸದ್ದೂ ಇಲ್ಲ.

ತಂಪಿಗೂ ಒಂದು ಮೇರೆ

ಈ ಮೌನಕ್ಕೆ ತೆರಬೇಕಾದ ಬೆಲೆಯೂ ಉಂಟು. ಅಂಗಡಿಯಲ್ಲಿ ‘ಐದು ಡಿಗ್ರಿಗೆ ಇಳಿಸುತ್ತದೆ’ ಎಂದು ಕೇಳಿ ಕೊಂಡವರು ಬೇಸಗೆಯಲ್ಲಿ ನಿರಾಶರಾಗುವುದುಂಟು. ಕಾರಣವೇನೆಂದರೆ, ಇಂಥ ಸಂಚಾರಿ ಪೆಟ್ಟಿಗೆಯ ಸಾಮರ್ಥ್ಯವನ್ನು ಹೊರಗಿನ ಗಾಳಿಯ ಉಷ್ಣಾಂಶದಿಂದ ಕೆಳಕ್ಕೆ ಎಣಿಸಬೇಕು. ಸಾಮಾನ್ಯವಾಗಿ ಅದು ಹೊರಗಿನದಕ್ಕಿಂತ 25 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಸಬಲ್ಲದು, ಅತ್ಯುತ್ತಮವಾದದ್ದು 30ರವರೆಗೆ. ಹೊರಗೆ 30 ಡಿಗ್ರಿ ಇದ್ದರೆ ಒಳಗೆ 5. ಹಾಲಿಗೆ ಅದು ಕ್ಷೇಮ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ 42 ಡಿಗ್ರಿಯಲ್ಲಿ ಒಳಗೆ 17. ಅಲ್ಲಿ ಹಾಲಿನ ಸೂಕ್ಷ್ಮಜೀವಿಗಳು ಸುಖವಾಗಿ ಬೆಳೆಯುತ್ತವೆ. ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಉಷ್ಣಾಂಶ 50ನ್ನು ದಾಟುವುದು ಅಪರೂಪವಲ್ಲ. ಅಲ್ಲಿ ಪೆಟ್ಟಿಗೆ ನಡೆಯುತ್ತಿದ್ದರೂ ಅದರೊಳಗೆ ಬೆಂಗಳೂರಿನ ಹಗಲಿನಷ್ಟೇ ತಂಪು.

ಎರಡನೆಯ ಮೇರೆ ವೇಗದ್ದು. ಒಂದು ಲೀಟರ್ ನೀರನ್ನು 30ರಿಂದ 5 ಡಿಗ್ರಿಗೆ ಇಳಿಸಲು 25 ಕಿಲೋಕ್ಯಾಲೊರಿ ಶಾಖವನ್ನು ತೆಗೆಯಬೇಕು. ನಾಲ್ಕು ಲೀಟರಿಗೆ 100. ಸುಮಾರು 80 ವಾಟ್ ವಿದ್ಯುತ್ತನ್ನು ನುಂಗುವ ಪುಟ್ಟ ಪೆಟ್ಟಿಗೆಯೊಂದು ಅದರ ನಾಲ್ಕನೆಯ ಒಂದು ಪಾಲಿನಷ್ಟು ಶಾಖವನ್ನು ಒಳಗಿನಿಂದ ಹೊರಹಾಕಿದರೆ, ಗಂಟೆಗೆ 17 ಕಿಲೋಕ್ಯಾಲೊರಿ ಆಯಿತು. ಹೊರಗಿನ ಕಾವು ಒಂದಿಷ್ಟೂ ಒಳಗೆ ನುಸುಳದಿದ್ದರೂ ನಾಲ್ಕು ಲೀಟರ್ ನೀರು ತಣ್ಣಗಾಗಲು ಆರು ಗಂಟೆ ಬೇಕು. ಕಾವು ನುಸುಳದೆ ಇರುವುದಿಲ್ಲ. ಆದ್ದರಿಂದ ಹಗಲಿಡೀ ಹಿಡಿದರೂ ಆಶ್ಚರ್ಯವಿಲ್ಲ. ಹೊರಡುವ ಹೊತ್ತಿಗೆ ಬೆಚ್ಚಗಿನ ಬಾಟಲಿಗಳನ್ನು ತುಂಬಿ, ಮೊದಲ ಊಟದ ವೇಳೆಗೆ ತಣ್ಣೀರನ್ನು ಅಪೇಕ್ಷಿಸುವುದು ಪೆಟ್ಟಿಗೆಗೆ ಮಾಡುವ ಅನ್ಯಾಯ.

ಅಜ್ಜಿಯ ಇನ್ಸುಲಿನ್

ಬೆಂಗಳೂರಿನಿಂದ ಕಲಬುರಗಿಗೆ ಮದುವೆಗೆಂದು ಬೇಸಗೆಯಲ್ಲಿ ಕಾರಿನಲ್ಲಿ ಹೊರಟ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಕೂಸಿಗೆ ಹಾಲು, ಮಕ್ಕಳಿಗೆ ಮಜ್ಜಿಗೆ, ಸಿಹಿಮೂತ್ರದ ಅಜ್ಜಿಗೆ ತಿಂಗಳೊಪ್ಪತ್ತಿನ ಇನ್ಸುಲಿನ್. ಮಜ್ಜಿಗೆ ಹುಳಿಯಾದರೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಅಷ್ಟೆ. ಹಾಲು ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಇನ್ಸುಲಿನ್ ಸತ್ವಗುಂದಿದರೆ ಕಣ್ಣಿಗೂ ಮೂಗಿಗೂ ತಿಳಿಯದೆ ಹೋಗಬಹುದು. ಸೂಜಿ ಚುಚ್ಚಿಸಿಕೊಂಡ ಮೇಲೂ ರಕ್ತದ ಸಕ್ಕರೆ ಇಳಿಯದಿದ್ದಾಗಲೇ ಗೊತ್ತಾಗುವುದು.

ಒಡೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕೆಂಬುದು ವೈದ್ಯರ ನಿಯಮ. ಕಾವು ಮಾತ್ರವೇ ಇದರ ಶತ್ರುವಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು. ಇಲ್ಲಿಯೇ ಈ ಪೆಟ್ಟಿಗೆಯ ವಿಚಿತ್ರ ಸ್ವಭಾವ ಹೊರಬೀಳುತ್ತದೆ. ಮನೆಯ ವಿದ್ಯುತ್ತಿನಲ್ಲಿ ನಡೆಯುವಾಗ ಅದಕ್ಕೆ ಕಡಿವಾಣವಾಗಿ ಥರ್ಮೋಸ್ಟಾಟ್ ಇರುತ್ತದೆ. ಕಾರಿನ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವಾಗ ಎಷ್ಟೋ ಮಾದರಿಗಳಲ್ಲಿ ಆ ಕಡಿವಾಣವಿಲ್ಲ. ಅದು ಎಡೆಬಿಡದೆ ತಂಪು ಮಾಡುತ್ತಲೇ ಇರುತ್ತದೆ. ಕಲಬುರಗಿಯ ಹಗಲಿನಲ್ಲಿ 17 ಡಿಗ್ರಿಗೆ ಸೋತು ನಿಂತ ಅದೇ ಪೆಟ್ಟಿಗೆ, ಮಡಿಕೇರಿಯ ಚಳಿಗಾಲದ ರಾತ್ರಿಯಲ್ಲಿ ಸೊನ್ನೆಗಿಂತ ಕೆಳಗಿಳಿದು ಔಷಧವನ್ನು ಹೆಪ್ಪುಗಟ್ಟಿಸೀತು.

ಈ ಹಾನಿಯನ್ನು ಆರೋಗ್ಯ ಇಲಾಖೆಗಳೂ ಅನುಭವದಿಂದ ಅರಿತವು. ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ಮಕ್ಕಳ ಲಸಿಕೆಯ ವಿಸ್ತೃತ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ವಿದ್ಯುತ್ತಿಲ್ಲದ ದೇಶಗಳ ಹಳ್ಳಿಗಳಿಗೆ ಸೀಮೆಎಣ್ಣೆಯ ಮತ್ತು ಅನಿಲದ ರೆಫ್ರಿಜರೇಟರುಗಳು ಹೋದವು. ಲಕ್ಷಾಂತರ ಶಿಶುಗಳ ಲಸಿಕೆಯನ್ನು ಅವು ಕಾದವು. ಆದರೆ ಬತ್ತಿಯನ್ನು ದಿನವೂ ಸವರಬೇಕು, ಮಸಿ ಒರಸಬೇಕು, ಜ್ವಾಲೆಯ ಎತ್ತರವನ್ನು ಕಣ್ಣಳತೆಯಲ್ಲಿಯೇ ಸರಿಪಡಿಸಬೇಕು. ಒಂದು ಜ್ವಾಲೆ ಹೆಚ್ಚಿದರೆ ಲಸಿಕೆ ಹೆಪ್ಪುಗಟ್ಟುವುದು, ತಗ್ಗಿದರೆ ಬೆಚ್ಚಗಾಗುವುದು. ಕ್ರಮೇಣ ಮಂಜುಗಡ್ಡೆಯ ಒಳಗೋಡೆಯುಳ್ಳ ವಿದ್ಯುತ್ ಪೆಟ್ಟಿಗೆಗಳೂ ಸೂರ್ಯನ ಬಿಸಿಲಿನಿಂದ ನಡೆಯುವ ಪೆಟ್ಟಿಗೆಗಳೂ ಅವುಗಳ ಸ್ಥಾನಕ್ಕೆ ಬಂದವು.

ಬಳಸುವವರ ಜಾಣ್ಮೆ

ಬ್ಯಾಟರಿ ಮತ್ತು ಮನೆಯ ವಿದ್ಯುತ್ತು ಎರಡರಲ್ಲಿಯೂ ನಡೆಯುವ ಬೇರೆ ಎರಡು ಜಾತಿಗಳಿವೆ. ಪೆಲ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿ 1834ರಲ್ಲಿ ಕಂಡ ತತ್ವದಿಂದ ನಡೆಯುವುದು ಒಂದು. ಅದು ಹಗುರ ಮತ್ತು ಅಗ್ಗ, ಆದರೆ ಹೊರಗಿನದಕ್ಕಿಂತ 15ರಿಂದ 20 ಡಿಗ್ರಿ ಇಳಿಸಿದರೆ ಹೆಚ್ಚು. ಕಂಪ್ರೆಸರ್ ಉಳ್ಳದ್ದು ಇನ್ನೊಂದು. ಬೆಲೆ ಅಧಿಕ, ಸ್ವಲ್ಪ ಸದ್ದು, ಆದರೆ 40 ಡಿಗ್ರಿಯ ಬಿಸಿಲಿನಲ್ಲಿಯೂ ಮಂಜುಗಡ್ಡೆ ಕಟ್ಟಬಲ್ಲದು. ಉತ್ತರ ಕರ್ನಾಟಕದ ಬೇಸಗೆಯಲ್ಲಿ ಔಷಧ ಒಯ್ಯುವವರಿಗೆ ಇದೇ ತಕ್ಕದ್ದು.

ಜ್ವಾಲೆಯ ಪೆಟ್ಟಿಗೆಯನ್ನೇ ಇಟ್ಟುಕೊಂಡವರು ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಪೆಟ್ಟಿಗೆ ಸಮತಟ್ಟಾಗಿ ನಿಂತಿರಬೇಕು. ಓರೆಯಾದರೆ ಒಳಗಿನ ದ್ರವದ ಹರಿವು ತಡೆದು ತಂಪು ನಿಲ್ಲುವುದಲ್ಲದೆ, ಕಾಯುವ ಭಾಗ ಅತಿಯಾಗಿ ಕಾದು ಕೆಡುವ ಭಯವೂ ಇದೆ. ಬೆನ್ನಿನ ರೆಕ್ಕೆಗಳಿಗೆ ಗಾಳಿಯಾಡಬೇಕು. ಗೋಡೆಗೊತ್ತಿ ಇಟ್ಟರೆ ಅದು ತನ್ನ ಕಾವಿನಲ್ಲಿ ತಾನೇ ಬೇಯುತ್ತದೆ. ಅನಿಲವನ್ನು ಕಾರಿನೊಳಗಾಗಲಿ ಮುಚ್ಚಿದ ಡೇರೆಯೊಳಗಾಗಲಿ ಹಚ್ಚಲೇಬಾರದು. ಉರಿಯಿಂದ ಹೊರಡುವ ವಿಷಾನಿಲ ನಿದ್ರೆಯಲ್ಲಿದ್ದವರ ಪ್ರಾಣವನ್ನೇ ತೆಗೆಯಬಲ್ಲದು. ಎಂಜಿನ್ ನಿಲ್ಲಿಸಿದ ಕಾರಿನ ಬ್ಯಾಟರಿಯಿಂದ ರಾತ್ರಿಯಿಡೀ ನಡೆಸಿದರೆ ಬೆಳಿಗ್ಗೆ ಕಾರೇ ಹೊರಡದು.

ಹೊರಡುವ ಹಿಂದಿನ ರಾತ್ರಿಯೇ ಪೆಟ್ಟಿಗೆಯನ್ನು ಮನೆಯ ವಿದ್ಯುತ್ತಿನಲ್ಲಿ ನಡೆಸಿ, ಮನೆಯ ಫ್ರಿಜ್ಜಿನಲ್ಲಿ ತಣಿದ ಪದಾರ್ಥಗಳನ್ನೇ ತುಂಬಿದರೆ ಅರ್ಧ ಕೆಲಸ ಮುಗಿದಂತೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಶಾಖವನ್ನು ಹೀರುತ್ತದೆ; ಪುಟ್ಟ ಪೆಟ್ಟಿಗೆಯ ನಾಲ್ಕೈದು ಗಂಟೆಗಳ ದುಡಿಮೆಗೆ ಅದು ಸಮ. ಇನ್ಸುಲಿನ್ನನ್ನು ಮಾತ್ರ ಮಂಜುಗಡ್ಡೆಗೆ ತಾಗದಂತೆ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಔಷಧದ ಪಕ್ಕದಲ್ಲಿ ಒಂದು ಸಣ್ಣ ಉಷ್ಣಮಾಪಕವಿರಲಿ. ಪೆಟ್ಟಿಗೆಯನ್ನು ಮುಟ್ಟಿ ನೋಡುವ ಕೈಗೆ 6 ಡಿಗ್ರಿಯೂ ತಣ್ಣಗೆ, 14 ಡಿಗ್ರಿಯೂ ತಣ್ಣಗೆ. ಅಜ್ಜಿಯ ಇನ್ಸುಲಿನ್ನಿಗೆ ಮಾತ್ರ ಅವೆರಡೂ ಒಂದೇ ಅಲ್ಲ.