ವರದಿಗೆ ಹೊರಟಿರಾ? ನಿಮ್ಮ ತೋಟದ ಲೆಕ್ಕ ಜೊತೆಗಿರಲಿ

ಕೃಷಿಕನೇ ಬರೆದರೆ ಬರಹಕ್ಕೆ ತೂಕ ಜಾಸ್ತಿ ಅಂತ ನಾವೆಲ್ಲ ಹೇಳುತ್ತೇವೆ. ಒಪ್ಪುವ ಮಾತೇ. ಆದರೆ ಊರು ಬಿಟ್ಟು ಮೊದಲ ಸಲ ವರದಿಗೆ ಹೊರಡುವವರು ಕೇಳುವುದೇನು? ಯಾವ ಕ್ಯಾಮರಾ ಒಳ್ಳೆಯದು, ಮೊಬೈಲಿನಲ್ಲೇ ಮಾತು ರೆಕಾರ್ಡ್ ಮಾಡಿದರೆ ಸಾಕಾ, ಇಂಥದ್ದೇ. ನನ್ನನ್ನು ಕೇಳಿದರೆ, ಚೀಲಕ್ಕೆ ಮೊದಲು ಹಾಕಬೇಕಾದದ್ದು ನಿಮ್ಮದೇ ತೋಟದ ಲೆಕ್ಕ ಬರೆದ ಒಂದು ಹಾಳೆ. ಮರ ಎಷ್ಟು, ಅಂತರ ಎಷ್ಟು, ಮೂರು ವರ್ಷದ ಫಸಲು, ಗೊಬ್ಬರಕ್ಕೆ, ಮದ್ದು ಬಿಡಲಿಕ್ಕೆ, ಕೊಯ್ಲಿಗೆ ಆದ ಖರ್ಚು. ಇದಿಲ್ಲದೆ ಹೋದರೆ ಅಲ್ಲಿ ಹೇಳಿದ್ದೆಲ್ಲ ದೊಡ್ಡದಾಗಿಯೇ ಕಾಣುತ್ತದೆ.

ಪುತ್ತೂರು ಕಡೆಯವರೊಬ್ಬರು ಚನ್ನಗಿರಿಯ ಅಡಿಕೆ ತೋಟ ನೋಡಲು ಹೋಗುತ್ತಾರೆನ್ನಿ. ಕರಾವಳಿಯಲ್ಲಿ ನಾವು ಹಣ್ಣಡಿಕೆ ಒಣಗಿಸಿ ಸುಲಿದು ಚಾಲಿ ಮಾಡುವವರು. ಅಲ್ಲಿ ಎಳೆಯ ಕಾಯಿ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಎರಡರ ಕ್ವಿಂಟಾಲನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬರೆದರೆ ಓದುಗನ ಗತಿ? ಕೆಲವರು ಹಸಿ ಕಾಯಿಯನ್ನೇ ತೂಗಿ ಕೊಡುತ್ತಾರೆ, ಅದು ಇನ್ನೊಂದು ಲೆಕ್ಕ. ನಮ್ಮ ಸೆಂಟ್ಸು ಅಲ್ಲಿ ಗುಂಟೆಯಾಗುತ್ತದೆ. ಎಕರೆಗೆ 100 ಸೆಂಟ್ಸು, 40 ಗುಂಟೆ. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಒಂದು ಟೇಪೂ ಇರಲಿ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ ಹಿಡಿಯುತ್ತದೆ. ಯಾರಾದರೂ ಎಕರೆಗೆ ಸಾವಿರ ಮರ ಅಂದರೆ ನಡುವೆ ಆರೂವರೆ ಅಡಿ ಇರಬೇಕು. ಇಲ್ಲವಾದರೆ ಆ ಎಕರೆ ಒಂದಕ್ಕಿಂತ ದೊಡ್ಡದಿದೆ! ಸುಳ್ಳು ಹೇಳಿದ್ದಾರೆ ಅಂತಲ್ಲ ಮಾರಾಯ್ರೆ, ತೋಟ ಅಳೆದು ನೋಡಿದವರೇ ಕಡಿಮೆ.

ಇಷ್ಟೆಲ್ಲ ಯಾಕೆ ಅಂದರೆ ವೆನಿಲ್ಲಾ ನೆನಪಿದೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ಧಾರಣೆ ಏರಿತು. 2003ರ ಹೊತ್ತಿಗೆ ಇಲ್ಲಿ ಹಸಿ ಬೀನ್ಸಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಒಂದೆರಡು ವರ್ಷದಲ್ಲೇ ನೆಲ ಕಚ್ಚಿತು. ಏರಿದ ಧಾರಣೆ ಓದಿ ಸಾಲ ಮಾಡಿ ಬಳ್ಳಿ ನೆಟ್ಟವರಿದ್ದಾರೆ. ಬೀನ್ಸ್ ಮಾರಿ ಬಂದದ್ದೆಷ್ಟು, ಬಳ್ಳಿ ಮಾರಿ ಬಂದದ್ದೆಷ್ಟು ಅಂತ ಬೇರೆ ಬೇರೆ ಕೇಳಿ ಬರೆಯಬೇಕಿತ್ತು. ಇಂದಿಗೂ ಹೊಸ ಬೆಳೆಯ ತೋಟಕ್ಕೆ ಹೋದರೆ ಮೊದಲು ನರ್ಸರಿ ಎಲ್ಲಿದೆ ನೋಡಿ.

ಉಳಿದದ್ದು ಹೆಚ್ಚಿಲ್ಲ. ಜೇಬಿಗೆ ಹಿಡಿಯುವ ಪುಸ್ತಕ, ಪೆನ್ನಿನ ಜೊತೆ ಪೆನ್ಸಿಲ್ (ಮಳೆಗೆ ಶಾಯಿ ಕದಡುತ್ತದೆ), ಒಂದು ಜೊತೆ ಬಟ್ಟೆ ಹೆಚ್ಚಿಗೆ. ಮನೆಯಲ್ಲಿ ದನ ಕರೆಯುವವರನ್ನು, ನೀರು ಬಿಡುವವರನ್ನು ಗೊತ್ತು ಮಾಡಿಯೇ ಹೊರಡಿ. ಇಲ್ಲದಿದ್ದರೆ ಅಲ್ಲಿ ಕೂತು ಗಡಿಯಾರ ನೋಡುವುದೇ ಆಗುತ್ತದೆ.

ಬಟ್ಟೆ ಯಾಕೆಂದರೆ ಒಂದು ರಾತ್ರಿ ಉಳಿಯಬೇಕು. ಅಡಿಕೆ ಬೇಯಿಸುವ ದಿನವೇ ಹೋಗಿ, ಆದರೆ ಅಂದು ಪ್ರಶ್ನೆ ಬೇಡ. ಸುಮ್ಮನೆ ನೋಡಿ, ಕೈಲಾದರೆ ಸೌದೆ ಕೊಡಿ. ಮಾತು ಮರುದಿನ ಬೆಳಿಗ್ಗೆ. ಯಜಮಾನರಷ್ಟೇ ಅಲ್ಲ, ಮನೆಯ ಹೆಂಗಸರನ್ನೂ ಕೇಳಿ. ಸುಲಿಯಲಿಕ್ಕೆ ಎಷ್ಟು ಆಳು, ಕೂಲಿ ಎಷ್ಟು, ಊಟ ಎಷ್ಟು ಜನರಿಗೆ ಅನ್ನುವುದು ಅವರ ಬಾಯಲ್ಲಿರುತ್ತದೆ. ಖರ್ಚಿನ ಮಾತು ಬಂದಾಗ ಯಾರಿಗಾದರೂ ಸಂಕೋಚವೇ. ಆಗ ನಿಮ್ಮ ಹಾಳೆ ತೆಗೆದು ನಿಮ್ಮ ಖರ್ಚು ಮೊದಲು ಓದಿ ಹೇಳಿ. ನಷ್ಟದ ವರ್ಷವನ್ನೂ ಬಿಡಬೇಡಿ.