ಬೇಳೆ ಬೇಯದ ನೀರಿನ ಲೆಕ್ಕ

ಮಕ್ಕಳೇ, “ಈ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ” ಎಂದು ಅಜ್ಜಿ ಗೊಣಗುವುದನ್ನು ಕೇಳಿದ್ದೀರಾ? ಅಂಥ ನೀರಲ್ಲಿ ಸೋಪು ಉಜ್ಜಿದರೂ ನೊರೆ ಬಾರದು. ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ಗಡಸು ನೀರು ಅದು. ಗಡಸು ಎಂದು ಅಜ್ಜಿಗೆ ಗೊತ್ತು. ಆದರೆ ಎಷ್ಟು ಗಡಸು?

ಇದನ್ನು ಅಳೆಯಲು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವ ಅಕ್ಕ-ಅಣ್ಣಂದಿರು ಪ್ರಯೋಗಾಲಯದಲ್ಲಿ ಕೈಯಾರೆ ಕಲಿಯುತ್ತಾರೆ. 50 ಮಿಲಿಲೀಟರ್ ನೀರನ್ನು ಪಿಪೆಟ್‌ನಿಂದ ಅಳೆದು ಫ್ಲಾಸ್ಕಿಗೆ ಬಿಟ್ಟು, ಅಮೋನಿಯಾ ಇರುವ ಬಫರ್ ದ್ರಾವಣ ಸೇರಿಸುತ್ತಾರೆ. (ಮೂಗು ಚುರುಗುಟ್ಟುತ್ತದೆ!) ಚಿಟಿಕೆ ಸೂಚಕ ಹಾಕಿದರೆ ನೀರು ಕೆಂಪು. ಮೇಲೆ ನಿಲ್ಲಿಸಿದ ಬ್ಯುರೆಟ್ ಎಂಬ ಉದ್ದ ಗಾಜಿನ ಕೊಳವೆಯಿಂದ ಇ.ಡಿ.ಟಿ.ಎ. ದ್ರಾವಣ ಹನಿಹನಿಯಾಗಿ ಬೀಳುತ್ತದೆ. ಅದು ಆ ಲೋಹಗಳನ್ನು ಏಡಿಯ ಹಾಗೆ ಹಿಡಿದುಕೊಳ್ಳುತ್ತದೆ. ಎಲ್ಲವೂ ಸೆರೆಸಿಕ್ಕ ಗಳಿಗೆಯಲ್ಲಿ ಕೆಂಪು ಮಾಯವಾಗಿ ನೀಲಿ! 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗೆರೋಲ್ಡ್ ಶ್ವಾರ್ಜೆನ್‌ಬಾಖ್ ರೂಪಿಸಿದ ವಿಧಾನವಿದು.

ಪುಸ್ತಕದಲ್ಲಿ ಇದು ನಾಲ್ಕು ಸಾಲು. ಕೈಗೆ ಬಂದಾಗ ಬೇರೆಯೇ ಕಥೆ. ಎಡಗೈ ಬ್ಯುರೆಟ್ಟಿನ ತಿರುಪಿನ ಮೇಲೆ, ಬಲಗೈ ಫ್ಲಾಸ್ಕನ್ನು ಸುತ್ತಿಸುತ್ತಿರಬೇಕು. ಬಣ್ಣ ನೇರಳೆಗೆ ತಿರುಗಿತೋ, ಇನ್ನು ಒಂದೊಂದೇ ಹನಿ. ಆತುರಪಟ್ಟರೆ ನೀಲಿ ದಾಟಿಹೋಗುತ್ತದೆ, ಹಿಂದಕ್ಕೆ ಬರಲಾಗದು.

ಅಳತೆ ಓದುವಾಗ ಇನ್ನೊಂದು ಪೇಚು. ಬ್ಯುರೆಟ್ಟಿನ ಅಂಕಿಗಳು ಮೇಲಿನಿಂದ ಕೆಳಕ್ಕೆ ಏರುತ್ತವೆ. ಹೊಸಬರು ಅಭ್ಯಾಸಬಲದಿಂದ ಕೆಳಗಿನಿಂದ ಎಣಿಸಿ, 29.4 ಎನ್ನುವುದನ್ನು 30.6 ಎಂದು ಬರೆದುಬಿಡುತ್ತಾರೆ. ಅಷ್ಟರಿಂದ ಏನಾಯಿತು ಎನ್ನುತ್ತೀರಾ? ಲೆಕ್ಕ ಹಾಕಿ. ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ, 50 ಮಿಲಿಲೀಟರ್ ನೀರಿಗೆ ಖರ್ಚಾದ ಒಂದೊಂದು ಮಿಲಿಲೀಟರೂ ಲೀಟರಿಗೆ 20 ಮಿಲಿಗ್ರಾಂ ಗಡಸುತನ. 29.4 ಎಂದರೆ 588. 30.6 ಎಂದರೆ 612. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ 200ರೊಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಕಣ್ತಪ್ಪಿದ್ದಕ್ಕೆ ಒಂದು ಊರಿನ ಬಾವಿಯೇ ಗೆರೆಯ ಆಚೆ ಹೋಯಿತು!

ಅದಕ್ಕೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಅಳತೆಗಳು ಹೊಂದದಿದ್ದರೆ ಪಕ್ಕದವರ ಪುಸ್ತಕದತ್ತ ಕಣ್ಣು ಹೋಗುವುದುಂಟು. ಆದರೆ ಪಕ್ಕದವರ ಫ್ಲಾಸ್ಕಿನಲ್ಲಿ ಇರುವುದು ಬೇರೆ ಬಾವಿಯ ನೀರಾಗಿದ್ದರೆ?

ಮುಂದಿನ ಪಾಠ ಇನ್ನೂ ಸೊಗಸು. ಅದೇ ನೀರನ್ನು ಚೆನ್ನಾಗಿ ಕುದಿಸಿ, ಸೋಸಿ, ಮತ್ತೆ ಅಳೆದರೆ ಗಡಸುತನ ಇಳಿದಿರುತ್ತದೆ. ಇಳಿದದ್ದು ಎಲ್ಲಿ ಹೋಯಿತು? ಅಜ್ಜಿಯ ಹಂಡೆಯೊಳಗೆ ಇಣುಕಿ ನೋಡಿ.